ಇನ್ನೂರು ರೂಪಾಯಿಯ ಸೀಸೆಯಲ್ಲಿ ತೆಂಗು, ವೆನಿಲ್ಲಾ

ಗೋವಾದ ಫಾತೋರ್ಡಾದಲ್ಲಿರುವ ನಮ್ಮ ಫ್ಯಾನ್ಸಿ ಸ್ಟೋರಿನಲ್ಲಿ ಮಳೆಗಾಲ, ಬೇಸಿಗೆ ಎನ್ನದೆ ಖಾಲಿಯಾಗುವ ಸೆಂಟು ಎಂದರೆ ತೆಂಗು–ವೆನಿಲ್ಲಾದ್ದು. ಬೆಲೆ ಇನ್ನೂರು ರೂಪಾಯಿಯ ಆಸುಪಾಸು. ಕಂಪನಿ ಬದಲಾಗುತ್ತದೆ, ಸೀಸೆಯ ಆಕಾರ ಬದಲಾಗುತ್ತದೆ, ಪರಿಮಳ ಮಾತ್ರ ಅದೇ. ನೆಹರೂ ಸ್ಟೇಡಿಯಂನಲ್ಲಿ ಎಫ್‌ಸಿ ಗೋವಾ ಪಂದ್ಯವಿರುವ ಸಂಜೆ ಕಿತ್ತಳೆ ಬಣ್ಣದ ಜೆರ್ಸಿ ತೊಟ್ಟ ಕಾಲೇಜು ಹುಡುಗಿಯರು ಬಂದು ಟೆಸ್ಟರ್ ಕೇಳುತ್ತಾರೆ. ಭಾನುವಾರ ಕೂಲಿ ಬಟವಾಡೆಯಾದ ಮೇಲೆ ಗದಗ, ಹಾವೇರಿ ಕಡೆಯ ಹೆಣ್ಣುಮಕ್ಕಳು ಬರುತ್ತಾರೆ. "ಅಕ್ಕಾರ, ಆ ಕೊಬ್ರಿ ವಾಸನಿದು ಐತಲ್ರಿ, ಅದನ್ನ ಕೊಡ್ರಿ" ಎನ್ನುತ್ತಾರೆ. ಮುಂಗೈ ಮೇಲೆ ಒಮ್ಮೆ ಹೊಡೆದುಕೊಂಡು ಮೂಸಿ, ಪಕ್ಕದವಳ ಮೂಗಿಗೂ ಹಿಡಿದು, ಆಮೇಲೆ ಸೆರಗಿನ ಗಂಟು ಬಿಚ್ಚುತ್ತಾರೆ.

ನಾನು ಶಿರಸಿ ಕಡೆಯ ಅಡಿಕೆ ತೋಟದ ಮನೆಯವಳು. ರಸಾಯನಶಾಸ್ತ್ರದಲ್ಲಿ ಬಿಎಸ್‌ಸಿ ಮಾಡಿ, ಮದುವೆಯಾಗಿ ಗೋವಾಕ್ಕೆ ಬಂದು, ಯಜಮಾನರ ಜೊತೆ ಈ ಅಂಗಡಿ ನೋಡಿಕೊಂಡಿದ್ದೇನೆ. ತೆಂಗು ಈ ನೆಲದ ಮರ. ವೆನಿಲ್ಲಾ ನನ್ನ ತವರಿನ ತೋಟದಲ್ಲಿ ಹಬ್ಬಿದ್ದ ಬಳ್ಳಿ. ಹಾಗಿದ್ದೂ ನಾನು ಮಾರುವ ಸೀಸೆಯಲ್ಲಿ ತೆಂಗಿನದಾಗಲಿ ವೆನಿಲ್ಲಾದ್ದಾಗಲಿ ಒಂದು ಹನಿಯೂ ಇಲ್ಲ. ಇದು ಮೋಸವೇ ಎಂದು ಕೆಲವರು ಕೇಳುತ್ತಾರೆ. ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಮನಸ್ಸು ಬರುವುದಿಲ್ಲ, ಏಕೆಂದರೆ ಈ ಪರಿಮಳದ ಹಿಂದೆ ದೊಡ್ಡ ಚರಿತ್ರೆ ಇದೆ. ಅದು ನಮ್ಮ ಕರಾವಳಿಯನ್ನೂ ಘಟ್ಟವನ್ನೂ ಹಲವು ಸಲ ಹಾದುಹೋಗಿದೆ.

ಕನ್ನಡದವರಿಗೆ ಸುಗಂಧದ ವಿದ್ಯೆ ಹೊಸದಲ್ಲ. 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಬಾವಿ ತೋಡುವುದು, ಗಿಡಕ್ಕೆ ಮದ್ದು ಮಾಡುವುದು, ಅಡುಗೆ, ದನದ ಔಷಧ ಇವುಗಳ ಜೊತೆಗೆ ಪರಿಮಳದ್ರವ್ಯ ಮಾಡುವುದಕ್ಕೂ ಜಾಗವಿದೆ. ನೂರು ವರ್ಷ ಕಳೆದ ಮೇಲೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ರಚಿಸಿದ. ಅಲ್ಲಿಯೂ ಲೇಪನ, ಧೂಪ, ಸುಗಂಧ ತೈಲಗಳ ವಿವರವಿದೆ, ಆದರೆ ಅದು ಅರಸನ ಭೋಗದ ಪಟ್ಟಿ. ಚಾವುಂಡರಾಯನದು ಮನೆಮಂದಿಗೆ ಉಪಯೋಗವಾಗಲೆಂದು ಕನ್ನಡದಲ್ಲಿ ಬರೆದ ಪುಸ್ತಕ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಒಂದು ಸಾವಿರ ವರ್ಷದ ಹಿಂದೆಯೇ ಒಬ್ಬ ಕನ್ನಡಿಗ ಸುಗಂಧವನ್ನು ಅಡುಗೆ, ಬಾವಿಗಳ ಪಕ್ಕದಲ್ಲಿ, ಜೀವನಕ್ಕೆ ಬೇಕಾದ ಸಂಗತಿಗಳ ಸಾಲಿನಲ್ಲಿ ಕೂರಿಸಿದ್ದ. ಆಗ ಗೋವಾ ಚಾಲುಕ್ಯರ ಸಾಮಂತರಾದ ಕದಂಬರ ಕೈಯಲ್ಲಿತ್ತು. ಅವರ ಹಳೆಯ ರಾಜಧಾನಿ ಚಂದ್ರಪುರ, ಈಗಿನ ಚಾಂದೋರ್, ನಮ್ಮ ಅಂಗಡಿ ಇರುವ ಸಾಲ್ಸೆಟ್ ತಾಲೂಕಿನಲ್ಲೇ ಇದೆ. ನಮ್ಮಲ್ಲಿ ಓಡಾಡುವ ಸರಕಾರಿ ಬಸ್ಸಿನ ಮೇಲೆ ಇವತ್ತಿಗೂ ಅವರ ಹೆಸರಿದೆ.

ಆ ಕಾಲದ ಪರಿಮಳಕ್ಕೆ ಆಧಾರ ಎಳ್ಳೆಣ್ಣೆ. ಎಳ್ಳನ್ನೂ ಹೂವನ್ನೂ ಪದರ ಪದರವಾಗಿ ಹರಡಿ, ಬಾಡಿದ ಹೂ ತೆಗೆದು ಹೊಸತು ಹಾಕಿ, ಎಳ್ಳು ವಾಸನೆ ಕುಡಿದ ಮೇಲೆ ಗಾಣಕ್ಕೆ ಹಾಕುವ ಕ್ರಮ ಉತ್ತರ ಭಾರತದ ಕನೌಜ್, ಜೌನ್‌ಪುರಗಳಲ್ಲಿ ಬಹಳ ಕಾಲ ನಡೆಯಿತು. ವೆನಿಲ್ಲಾ ಆಗಿನ್ನೂ ನಮ್ಮ ಖಂಡಕ್ಕೆ ಬಂದಿರಲಿಲ್ಲ. ಆದರೆ ವೆನಿಲ್ಲಾದ ಪರಿಮಳ ಬಂದಿತ್ತು, ಬೇರೆ ವೇಷದಲ್ಲಿ.

1563ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಒಂದು ಪೋರ್ಚುಗೀಸ್ ಪುಸ್ತಕ ಅಚ್ಚಾಯಿತು. ಬರೆದವನು ಗಾರ್ಸಿಯಾ ದ ಓರ್ತಾ ಎಂಬ ವೈದ್ಯ. 1534ರಲ್ಲಿ ಗೋವಾಕ್ಕೆ ಬಂದು ಇಲ್ಲಿಯೇ ನೆಲೆಸಿದವನು. ಭಾರತದ ಮದ್ದು, ಗಿಡಮೂಲಿಕೆಗಳ ಬಗ್ಗೆ ಇಬ್ಬರು ಮಾತಾಡಿಕೊಳ್ಳುವ ರೂಪದಲ್ಲಿ ಅವನು ಬರೆದ ಆ ಪುಸ್ತಕದಲ್ಲಿ ಲೋಬಾನಕ್ಕೆ ಒಂದು ಅಧ್ಯಾಯ, ತೆಂಗಿಗೆ ಒಂದು ಅಧ್ಯಾಯ. ತೆಂಗಿನ ಎಣ್ಣೆ, ನಾರು, ಶೇಂದಿ ಎಲ್ಲವನ್ನೂ ವಿವರಿಸಿದ್ದಾನೆ. ಲೋಬಾನ ಎಂದರೆ ಸುಮಾತ್ರಾ, ಸಯಾಮ್ ಕಡೆಯ ಮರದ ಅಂಟು. ಸಯಾಮಿನ ಲೋಬಾನದಲ್ಲಿ ವೆನಿಲಿನ್ ಎಂಬ ರಾಸಾಯನಿಕ ತಾನಾಗಿ ಇದೆ. ವೆನಿಲ್ಲಾ ಕೋಡಿಗೆ ಪರಿಮಳ ಕೊಡುವುದೂ ಅದೇ. ಅಂದರೆ 450 ವರ್ಷಗಳ ಹಿಂದೆ ಗೋವಾದ ಸುಗಂಧದಂಗಡಿಯಲ್ಲಿ ನಿಂತವನ ಮೂಗಿಗೆ ಕೊಬ್ಬರಿಯ ಎಣ್ಣೆಯೂ ವೆನಿಲಿನ್‌ನ ಸಿಹಿಯೂ ಒಟ್ಟಿಗೆ ಸಿಕ್ಕಿರಬಹುದು. ಓರ್ತಾನಿಗೆ ಈ ನಗರ ಕೊಟ್ಟ ಪ್ರತಿಫಲ ಕ್ರೂರವಾದದ್ದು. ಅವನು ಹುಟ್ಟಿನಿಂದ ಯಹೂದಿ ಮನೆತನದವನು. ತೀರಿಕೊಂಡ ಮೇಲೆ ಇನ್‌ಕ್ವಿಸಿಷನ್ ಅವನನ್ನು ಅಪರಾಧಿ ಎಂದು ಸಾರಿ, 1580ರಲ್ಲಿ ಗೋರಿಯಿಂದ ಮೂಳೆ ತೆಗೆಸಿ ಸುಟ್ಟಿತು. ಪುಸ್ತಕ ಉಳಿಯಿತು.

ಇನ್ನು ನಿಜವಾದ ವೆನಿಲ್ಲಾ. ಮೆಕ್ಸಿಕೊದ ಕಾಡಿನ ಈ ಆರ್ಕಿಡ್ ಬಳ್ಳಿಯ ಕೋಡನ್ನು ಸ್ಪ್ಯಾನಿಷರು ಹದಿನಾರನೆಯ ಶತಮಾನದಲ್ಲಿ ಯುರೋಪಿಗೆ ಒಯ್ದರು. ಬೇರೆಲ್ಲಿ ನೆಟ್ಟರೂ ಬಳ್ಳಿ ಬೆಳೆಯಿತು, ಹೂವೂ ಬಿಟ್ಟಿತು, ಕೋಡು ಮಾತ್ರ ಕಟ್ಟಲಿಲ್ಲ. ಮೆಕ್ಸಿಕೊದ ಜೇನ್ನೊಣ ಮಾಡುತ್ತಿದ್ದ ಪರಾಗಸ್ಪರ್ಶವನ್ನು ಮಾಡುವ ಜೀವ ಹೊರಗೆಲ್ಲೂ ಇರಲಿಲ್ಲ. 1836ರಲ್ಲಿ ಬೆಲ್ಜಿಯಂನ ಚಾರ್ಲ್ಸ್ ಮೋರೆನ್ ಎಂಬ ಸಸ್ಯಶಾಸ್ತ್ರಜ್ಞ ಗಾಜಿನ ಮನೆಯಲ್ಲಿ ಕೈಯಿಂದ ಮಾಡಿ ತೋರಿಸಿದನಾದರೂ ತೋಟಕ್ಕೆ ಒಗ್ಗುವ ವಿಧಾನ ಸಿಕ್ಕಿದ್ದು 1841ರಲ್ಲಿ, ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ. ಕಂಡುಹಿಡಿದವನು ಎಡ್ಮಂಡ್, ಹನ್ನೆರಡು ವರ್ಷದ ಗುಲಾಮ ಹುಡುಗ. ಒಂದು ಕಡ್ಡಿ, ಒಂದು ಹೆಬ್ಬೆರಳು, ಅಷ್ಟೇ ಅವನ ಸಲಕರಣೆ. 1848ರಲ್ಲಿ ಗುಲಾಮಗಿರಿ ರದ್ದಾದಾಗ ಅವನಿಗೆ ಆಲ್ಬಿಯಸ್ ಎಂಬ ಅಡ್ಡಹೆಸರು ಸಿಕ್ಕಿತು. ಅವನ ಉಪಾಯದಿಂದ ದ್ವೀಪದ ತೋಟದ ಮಾಲೀಕರು ಶ್ರೀಮಂತರಾದರು, ಮಡಗಾಸ್ಕರ್ ಲೋಕದ ವೆನಿಲ್ಲಾ ಕಣಜವಾಯಿತು. ಅವನು 1880ರಲ್ಲಿ ಬಡತನದಲ್ಲಿಯೇ ಸತ್ತ.

ಆ ಹುಡುಗನ ಕೈಚಳಕವನ್ನು ನಾನು ನೋಡಿದ್ದು ನನ್ನ ಆಯಿಯ ಕೈಯಲ್ಲಿ.

ವೆನಿಲ್ಲಾ ಹೂವು ತಿಳಿಹಸಿರು ಹಳದಿ. ಬೆಳಗಿನ ಜಾವ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಒಂದು ಗೊಂಚಲಲ್ಲಿ ಹದಿನೈದಿಪ್ಪತ್ತು ಮೊಗ್ಗು, ದಿನಕ್ಕೆ ಒಂದೋ ಎರಡೋ ಅರಳುವುದು. ಆಯಿ ಬೆಳಗಿನ ಚಾ ಮುಗಿಸಿ, ಚೂಪು ಮಾಡಿದ ಬಿದಿರುಕಡ್ಡಿ ಹಿಡಿದು ತೋಟಕ್ಕೆ ಇಳಿಯುತ್ತಿದ್ದಳು. ಎಡಗೈಯಲ್ಲಿ ಹೂವನ್ನು ಹಗುರವಾಗಿ ಹಿಡಿಯಬೇಕು. ಕಡ್ಡಿಯಿಂದ ಹೂವಿನ ತುಟಿಯನ್ನು ಸೀಳಿ, ಒಳಗೆ ಗಂಡು ಹೆಣ್ಣು ಭಾಗಗಳ ನಡುವೆ ಅಡ್ಡ ಇರುವ ಸಣ್ಣ ಪೊರೆಯನ್ನು ಮೇಲೆತ್ತಬೇಕು. ಹೆಬ್ಬೆರಳಿನಿಂದ ಪರಾಗದ ಮುದ್ದೆಯನ್ನು ಕೆಳಗೆ ಒತ್ತಬೇಕು. ಒತ್ತಡ ಹೆಚ್ಚಾದರೆ ಹೂ ಹರಿಯುತ್ತದೆ, ಕಡಿಮೆಯಾದರೆ ಕೋಡು ಕಟ್ಟುವುದಿಲ್ಲ. ನುರಿತವರು ಒಂದು ಬೆಳಿಗ್ಗೆ ಸಾವಿರ ಹೂವಿಗೆ ಕೈ ಹಾಕುತ್ತಾರೆ. ಗೊಂಚಲಿಗೆ ಎಂಟು ಹತ್ತು ಕೋಡು ಸಾಕು, ಉಳಿದ ಹೂವನ್ನು ಬಿಟ್ಟುಬಿಡಬೇಕು, ಇಲ್ಲದಿದ್ದರೆ ಬಳ್ಳಿ ಸೊರಗುತ್ತದೆ. ಅಪ್ಪಯ್ಯನ ದಪ್ಪ ಬೆರಳಿಗೆ ಈ ಕೆಲಸ ಒಗ್ಗಲಿಲ್ಲ. ಊರಿನ ಬಹುತೇಕ ಮನೆಗಳಲ್ಲಿ ಇದು ಹೆಂಗಸರ ಕೈಗೇ ಬಂತು.

ಕೋಡು ಬಲಿಯಲು ಒಂಬತ್ತು ತಿಂಗಳು. ಕೊಯ್ದಾಗ ಹಸಿ ಬೀನ್ಸಿನ ಹಾಗೆ ಕಾಣುತ್ತದೆ, ಪರಿಮಳ ಏನೇನೂ ಇಲ್ಲ. 63–65 ಡಿಗ್ರಿ ಬಿಸಿ ನೀರಿನಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನವೂ ಸ್ವಲ್ಪ ಹೊತ್ತು ಬಿಸಿಲು ಕಾಣಿಸಿ ಮತ್ತೆ ಸುತ್ತಿ, ವಾರಗಟ್ಟಲೆ ನೆರಳಲ್ಲಿ ಆರಿಸಿ, ಕೊನೆಗೆ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಕೋಡು ಚಾಕಲೇಟು ಬಣ್ಣಕ್ಕೆ ತಿರುಗಿ ಘಮ ಏಳುತ್ತದೆ. ಐದಾರು ಕೆಜಿ ಹಸಿ ಕೋಡಿಗೆ ಒಂದು ಕೆಜಿ ಸಂಸ್ಕರಿಸಿದ ಕೋಡು. ನಮ್ಮ ಮನೆಯ ಅಟ್ಟದಲ್ಲಿ ಅಡಿಕೆ ಮೂಟೆಗಳ ಪಕ್ಕದಲ್ಲಿ ಕರಿ ಕಂಬಳಿಯ ಗಂಟುಗಳು ಕೂತಿದ್ದ ವರ್ಷಗಳಲ್ಲಿ ಜಗಲಿಗೆ ಕಾಲಿಟ್ಟರೇ ಸಾಕಿತ್ತು, ಸೀರೆಗೆ ವಾಸನೆ ಹತ್ತುತ್ತಿತ್ತು.

ಆ ವರ್ಷಗಳ ಕಥೆ ಮಲೆನಾಡು, ಕರಾವಳಿಯ ನಡುವಯಸ್ಸಿನವರಿಗೆಲ್ಲ ನೆನಪಿದೆ. ವೆನಿಲ್ಲಾ ಭಾರತಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲೇ ಬಂದಿತ್ತಾದರೂ ಕರ್ನಾಟಕ, ಕೇರಳದ ತೋಟಗಳಲ್ಲಿ ವ್ಯಾಪಾರದ ಬೆಳೆಯಾಗಿ ಹಬ್ಬಿದ್ದು 1990ರ ದಶಕದಲ್ಲಿ. 2000ದ ಏಪ್ರಿಲ್‌ನಲ್ಲಿ ಹುದಾ ಚಂಡಮಾರುತ ಮಡಗಾಸ್ಕರ್‌ನ ತೋಟಗಳನ್ನು ಹೊಡೆಯಿತು. ಮೇಲಿಂದ 2002ರಲ್ಲಿ ಅಲ್ಲಿನ ರಾಜಕೀಯ ಗಲಾಟೆ. ಬೆಲೆ ಏರುತ್ತಾ ಹೋಗಿ 2003ರಲ್ಲಿ ನಮ್ಮಲ್ಲಿ ಹಸಿ ಕೋಡಿಗೇ ಕೆಜಿಗೆ ಮೂರು ಸಾವಿರ ರೂಪಾಯಿ ದಾಟಿತು. ಅಡಿಕೆಯ ಬೆಲೆ ಬಿದ್ದು ಕಂಗಾಲಾಗಿದ್ದ ಊರುಗಳಿಗೆ ಇದು ದೇವರು ಕೊಟ್ಟ ವರವೆಂದೇ ಕಂಡಿತು. ಬಳ್ಳಿಯ ತುಂಡುಗಳೂ ದುಡ್ಡಿಗೆ ಮಾರಾಟವಾದವು. ತೋಟಕ್ಕೆ ಕಳ್ಳರು ಬಂದರು. ಜನ ಬ್ಯಾಟರಿ ಹಿಡಿದು, ನಾಯಿ ಕಟ್ಟಿ, ತೋಟದಲ್ಲೇ ಮಲಗಿ ಕಾದರು. ಅಷ್ಟರಲ್ಲಿ ಲೋಕದ ಹತ್ತಾರು ದೇಶಗಳಲ್ಲಿ ಹೊಸದಾಗಿ ನೆಟ್ಟ ಬಳ್ಳಿಗಳು ಕೋಡು ಬಿಟ್ಟವು, ಮಡಗಾಸ್ಕರ್ ಚೇತರಿಸಿಕೊಂಡಿತು, ಐಸ್‌ಕ್ರೀಮ್, ಬಿಸ್ಕತ್ತಿನ ದೊಡ್ಡ ಖರೀದಿದಾರರು ಈ ಬೆಲೆ ತಾಳಲಾರದೆ ಕೃತಕ ವೆನಿಲಿನ್‌ಗೆ ತಿರುಗಿದರು. 2004ರಿಂದ ಬೆಲೆ ಕುಸಿಯಿತು. ಕೆಲವೇ ವರ್ಷಗಳಲ್ಲಿ ಹಸಿ ಕೋಡಿಗೆ ನೂರು ರೂಪಾಯಿ ಕೊಡುವವರನ್ನೂ ಹುಡುಕಬೇಕಾಯಿತು. ಜೊತೆಗೆ ಬಳ್ಳಿಗೆ ಕೊಳೆರೋಗ. ಸಾಲ ಮಾಡಿ ನೆರಳುಬಲೆ ಕಟ್ಟಿದವರು ಅದನ್ನು ಬಿಚ್ಚಿ ಮಡಿಸಿಟ್ಟರು. ಆಯಿಯ ಬಿದಿರುಕಡ್ಡಿ ಮಾತ್ರ ಬಹಳ ಕಾಲ ಅಡುಗೆಮನೆಯ ಗೋಡೆಯ ಸಂದಿಯಲ್ಲೇ ಇತ್ತು.

ನಮ್ಮ ಬಳ್ಳಿಯನ್ನು ಸೋಲಿಸಿದ ಆ ಕೃತಕ ವೆನಿಲಿನ್‌ಗೆ ಆಗಲೇ 130 ವರ್ಷ ವಯಸ್ಸಾಗಿತ್ತು. 1858ರಲ್ಲಿ ಫ್ರಾನ್ಸಿನ ಗೋಬ್ಲೆ ಕೋಡಿನಿಂದ ವೆನಿಲಿನ್ ಹರಳನ್ನು ಬೇರ್ಪಡಿಸಿದ. 1874ರಲ್ಲಿ ಜರ್ಮನಿಯ ಟೀಮನ್, ಹಾರ್ಮನ್ ಎಂಬ ಇಬ್ಬರು ಪೈನ್ ಮರದ ತೊಗಟೆಯಡಿಯ ರಸದಲ್ಲಿರುವ ಕೋನಿಫೆರಿನ್‌ನಿಂದ ಅದನ್ನೇ ತಯಾರಿಸಿದರು. ಹೋಲ್ಟ್ಸ್‌ಮಿಂಡೆನ್ ಎಂಬ ಊರಿನಲ್ಲಿ ಕಾರ್ಖಾನೆ ಎದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಕಾಗದ ಕಾರ್ಖಾನೆಯ ಕಪ್ಪು ತ್ಯಾಜ್ಯದಲ್ಲಿರುವ ಲಿಗ್ನಿನ್‌ನಿಂದಲೂ ವೆನಿಲಿನ್ ತೆಗೆದರು. ಕೆನಡಾದ ಒಂಟಾರಿಯೊದ ಒಂದೇ ಕಾಗದ ಕಾರ್ಖಾನೆ ಒಂದು ಕಾಲಕ್ಕೆ ಲೋಕದ ಅರ್ಧಕ್ಕಿಂತ ಹೆಚ್ಚು ಕೃತಕ ವೆನಿಲಿನ್ ಒದಗಿಸುತ್ತಿತ್ತು. ಈಗ ಬಹುಪಾಲು ಪೆಟ್ರೋಲಿಯಂ ಮೂಲದ ಗ್ವಾಯಕಾಲ್‌ನಿಂದ ಬರುತ್ತದೆ. ಎಲ್ಲಿಂದ ಬಂದರೂ ಅಣು ಒಂದೇ. ಆದರೆ ಕೋಡಿನಲ್ಲಿ ವೆನಿಲಿನ್ ಜೊತೆ ನೂರಾರು ಸಣ್ಣ ಸಣ್ಣ ಪರಿಮಳಗಳಿರುತ್ತವೆ, ಕಾರ್ಖಾನೆಯದರಲ್ಲಿ ಇರುವುದಿಲ್ಲ. ಅಟ್ಟದ ಕಂಬಳಿಯ ವಾಸನೆ ಕಂಡವಳಿಗೆ ಈ ವ್ಯತ್ಯಾಸ ಒಂದೇ ಉಸಿರಿಗೆ ತಿಳಿಯುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ಒಳ್ಳೆಯ ಕೋಡಿನಲ್ಲಿ ವೆನಿಲಿನ್ ಇರುವುದು ನೂರಕ್ಕೆ ಎರಡು ಪಾಲು. ಒಂದು ಕೆಜಿ ವೆನಿಲಿನ್ ಬೇಕಾದರೆ 50 ಕೆಜಿ ಸಂಸ್ಕರಿಸಿದ ಕೋಡು ಬೇಕು, ಅದಕ್ಕೆ ಕಡಿಮೆಯೆಂದರೂ 250 ಕೆಜಿ ಹಸಿ ಕೋಡು. ಕೆಜಿಗೆ ಅರವತ್ತರಂತೆ ಹಿಡಿದರೆ 15,000 ಕೋಡು, ಅಂದರೆ 15,000 ಹೂವನ್ನು ಯಾರೋ ಒಂದೊಂದಾಗಿ ಕಡ್ಡಿಯಿಂದ ಮುಟ್ಟಿರಬೇಕು. ಕಾರ್ಖಾನೆಯ ಒಂದು ಕೆಜಿ ವೆನಿಲಿನ್ ಒಂದೆರಡು ಸಾವಿರ ರೂಪಾಯಿಯ ಒಳಗೆ ಸಿಗುತ್ತದೆ. ಇನ್ನೂರು ರೂಪಾಯಿಯ ಸೀಸೆ ಹೇಗೆ ಸಾಧ್ಯವಾಯಿತು ಎನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ಪ್ಯಾರಿಸ್ಸಿನ ದೊಡ್ಡವರೂ ಇದೇ ದಾರಿ ಹಿಡಿದವರು. ಗೆರ್ಲೇನ್ ಮನೆತನದ 'ಜಿಕಿ' 1889ರಲ್ಲಿ ಬಂದಾಗ ಅದರಲ್ಲಿದ್ದದ್ದು ಕೃತಕ ವೆನಿಲಿನ್. ಮೊಗಲರ ತೋಟದ ಹೆಸರು ಹೊತ್ತು 1925ರಲ್ಲಿ ಬಂದ 'ಶಾಲಿಮಾರ್'ನಲ್ಲಿ ಇನ್ನೂ ತೀಕ್ಷ್ಣವಾದ ಈಥೈಲ್ ವೆನಿಲಿನ್. ದುಬಾರಿ ಸೀಸೆಯಲ್ಲಿದ್ದಾಗ ಕಲೆ ಎಂದು ಹೊಗಳಿ, ಅದೇ ವಸ್ತು ಅಗ್ಗದ ಸೀಸೆಗೆ ಬಂದಾಗ ಡೂಪ್ಲಿಕೇಟ್ ಎಂದು ಮೂಗು ಮುರಿಯುವುದನ್ನು ನಾನು ಒಪ್ಪುವುದಿಲ್ಲ.

ತೆಂಗಿನ ಕಥೆ ಚಿಕ್ಕದು. ಮಲ್ಲಿಗೆ, ಗಂಧದಂತೆ ಇದಕ್ಕೆ ಭಟ್ಟಿಯ ದಾರಿ ಇಲ್ಲ. ಕೊಬ್ಬರಿ ಹಿಂಡಿದರೆ ಬರುವುದು ಜಿಡ್ಡೆಣ್ಣೆ. ಆಲ್ಕೊಹಾಲಿನಲ್ಲಿ ಅದು ಸರಿಯಾಗಿ ಕರಗುವುದಿಲ್ಲ, ಬಟ್ಟೆಗೆ ಕಲೆ ಮಾಡುತ್ತದೆ, ದಿನ ಕಳೆದರೆ ಕನರುತ್ತದೆ. ಹಸಿ ತೆಂಗಿನ ಪರಿಮಳ ಲ್ಯಾಕ್ಟೋನ್ ಎಂಬ ಗುಂಪಿನ ಕೆಲವು ರಾಸಾಯನಿಕಗಳದ್ದು. ಸೆಂಟಿನವರು ಇಪ್ಪತ್ತನೆಯ ಶತಮಾನದ ಆರಂಭದಿಂದ ಬಳಸುತ್ತಿರುವುದು ಅದೇ ಗುಂಪಿನ ಗಾಮಾ-ನೊನಾಲ್ಯಾಕ್ಟೋನ್. ವ್ಯಾಪಾರದಲ್ಲಿ ಅದನ್ನು ಆಲ್ಡಿಹೈಡ್ ಸಿ-18 ಎಂದು ಕರೆಯುತ್ತಾರೆ, ಅದು ಆಲ್ಡಿಹೈಡೂ ಅಲ್ಲ, ಅದರಲ್ಲಿ ಹದಿನೆಂಟು ಇಂಗಾಲವೂ ಇಲ್ಲ. ಮುಂದೆ ಅಮೆರಿಕದ ಕಡಲತೀರಗಳ ಸನ್‌ಟ್ಯಾನ್ ಎಣ್ಣೆಗಳಲ್ಲಿ ಈ ಪರಿಮಳ ಸೇರಿ, ತೆಂಗಿನ ವಾಸನೆ ಎಂದರೆ ರಜೆ, ಬಿಸಿಲು, ಸಮುದ್ರ ಎಂಬ ಭಾವನೆ ಬೆಳೆಯಿತು. ಗೋವಾದ ಹೆಂಗಸರಿಗೆ ತೆಂಗಿನೆಣ್ಣೆ ಎಂದರೆ ಖೋಬ್ರೆಲ್, ತಲೆಗೂ ಮಗುವಿನ ಮೈಗೂ ಬಾಣಲೆಗೂ ಒಂದೇ ಡಬ್ಬ. ಅದು ಅವರಿಗೆ ಕೆಲಸದ ವಾಸನೆ. ಈ ರಾಜ್ಯಕ್ಕೂ ತೆಂಗಿಗೂ ಇರುವ ನಂಟು ಎಷ್ಟು ಗಟ್ಟಿ ಎಂದರೆ, 2016ರಲ್ಲಿ ಸರಕಾರ ವೃಕ್ಷಸಂರಕ್ಷಣಾ ಕಾನೂನಿನಿಂದ ತೆಂಗನ್ನು ಹೊರಗಿಟ್ಟಾಗ ಊರೂರಲ್ಲಿ ಪ್ರತಿಭಟನೆ ಎದ್ದು, 2017ರಲ್ಲಿ ತೆಂಗಿಗೆ ರಾಜ್ಯವೃಕ್ಷದ ಪಟ್ಟವೇ ಸಿಕ್ಕಿತು.

ಹಾಗಾದರೆ ತೆಂಗೂ ವೆನಿಲ್ಲಾವೂ ಇಲ್ಲಿ ಜೊತೆಯಾದದ್ದು ಎಲ್ಲಿ? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಅಡುಗೆಮನೆಯಲ್ಲಿ. ಡಿಸೆಂಬರ್ ಎರಡನೆಯ ವಾರ ಫಾತೋರ್ಡಾದ ಯಾವ ವಾಡೆಯಲ್ಲಿ ನಡೆದರೂ ನಾತಾಳದ, ಅಂದರೆ ಕ್ರಿಸ್‌ಮಸ್ಸಿನ, ತಿಂಡಿಯ ಪರಿಮಳ. ದೊದೋಲ್, ಬಿಬಿಂಕಾ ಎರಡಕ್ಕೂ ತೆಂಗಿನ ಹಾಲು. ರವೆ, ತೆಂಗಿನತುರಿ ಹಾಕಿದ ಬಾತ್, ಅದನ್ನೇ ಪುಟ್ಟ ಬಿಸ್ಕತ್ತು ಮಾಡಿದ ಬೊಲಿನ್ಯಾಸ್. ಹಲವು ಮನೆಗಳಲ್ಲಿ ಬಾತ್‌ನ ಹಿಟ್ಟಿಗೆ ಒಂದು ಮುಚ್ಚಳ ವೆನಿಲ್ಲಾ ಎಸೆನ್ಸ್ ಬೀಳುತ್ತದೆ. ಕಿರಾಣಿ ಅಂಗಡಿಯ ಆ ಪುಟ್ಟ ಸೀಸೆಯೂ ಕಾರ್ಖಾನೆಯ ವೆನಿಲಿನ್ನೇ. ನಮ್ಮ ಅಂಗಡಿಗೆ ಬರುವ ಒಬ್ಬ ಹಿರಿಯ ಬಾಯಿ ಈ ಸೆಂಟನ್ನು ಮೊದಲ ಸಲ ಮೂಸಿ ಹೇಳಿದ್ದು ಒಂದೇ ಮಾತು, "ನಾತಾಳ್!"

ಬಾಟಲಿಯ ಸೆಂಟು ಗೋವಾದವರಿಗೆ ಮೊದಲಿನಿಂದ ಪರಿಚಿತ. 1950ರ ದಶಕದ ನಡುವಿನಲ್ಲಿ ಭಾರತ ದಿಗ್ಬಂಧನ ಹಾಕಿದ ಮೇಲೆ ಪೋರ್ಚುಗೀಸ್ ಆಡಳಿತ ಅದಿರಿನ ದುಡ್ಡಿನಲ್ಲಿ ಹೊರದೇಶದ ಸಾಮಾನುಗಳನ್ನು ಧಾರಾಳವಾಗಿ ತರಿಸಿತು. ವಾಚು, ಪೆನ್ನು, ಮದ್ಯದ ಜೊತೆಗೆ ಕೊಲೋನ್, ಸೆಂಟು ಪಣಜಿ, ಮಡಗಾಂವಿನ ಅಂಗಡಿಗಳಲ್ಲಿ ತುಂಬಿದ್ದವು. ಗಡಿಯಾಚೆಯ ಕಾರವಾರ, ಬೆಳಗಾವಿಗಳಲ್ಲಿ ಆಗ ಅಂಥದ್ದು ಅಪರೂಪ. ಅಲ್ಲಿ ಆಲ್ಕೊಹಾಲು ಹಾಕಿದ ಸೆಂಟಿನ ಮೇಲೆ 1955ರ ಕೇಂದ್ರ ಕಾನೂನಿನ ಪ್ರಕಾರ ಅಬಕಾರಿ ಸುಂಕ ಬಿತ್ತು. ಹಾಗಾಗಿ ನಮ್ಮ ಕಡೆಯ ಮದುವೆಮನೆಗಳಲ್ಲಿ ಹತ್ತಿಯ ಉಂಡೆಗೆ ಅದ್ದಿದ ಅತ್ತರು, ಪನ್ನೀರು ಬಹಳ ಕಾಲ ಉಳಿದವು. ಸೀಸೆಯ ಸೆಂಟು ಅಂಗಡಿಯ ಗಾಜಿನ ಕಪಾಟಿನಲ್ಲಿ, ಬೀಗದ ಹಿಂದೆ ಇರುತ್ತಿತ್ತು. ಕೂಲಿ ಮಾಡುವ ಹೆಣ್ಣುಮಗಳು ಅದನ್ನು ಕೈಗೆತ್ತಿಕೊಂಡು ಮೂಸಿ ನೋಡುವ ಕಾಲ ಬಂದದ್ದು ಈಚೆಗೆ.

ಕಡಿಮೆ ಬೆಲೆಯ ಸೆಂಟಿಗೆ ಈ ಜೋಡಿಯೇ ಏಕೆ ಎಂಬುದಕ್ಕೆ ಇನ್ನೊಂದು ಕಾರಣವಿದೆ. ನಿಂಬೆ, ಕಿತ್ತಳೆಯ ಪರಿಮಳ ಅರ್ಧ ಗಂಟೆಯಲ್ಲಿ ಹಾರಿಹೋಗುತ್ತದೆ. ವೆನಿಲಿನ್ ಮತ್ತು ಈ ಲ್ಯಾಕ್ಟೋನ್ ಎರಡೂ ನಿಧಾನವಾಗಿ ಆವಿಯಾಗುವಂಥವು. ಬೆಳಿಗ್ಗೆ ದುಪ್ಪಟ್ಟಾಕ್ಕೆ ಹೊಡೆದದ್ದು, ಬೆವರು ಹರಿಯುವ ನಮ್ಮ ಮೇ ತಿಂಗಳಲ್ಲೂ ಸಂಜೆ ಮಡಿಸುವಾಗ ಸಿಗುತ್ತದೆ. ಇನ್ನೂರು ರೂಪಾಯಿ ಕೊಟ್ಟವಳು ಕೇಳುವುದು ಬಾಳಿಕೆಯನ್ನೇ.

ಕೊಳ್ಳುವವರಿಗೆ ಎರಡು ಮಾತು. ವೆನಿಲಿನ್ ಇರುವ ಸೆಂಟು ಬೆಳಕಿಗೆ, ಗಾಳಿಗೆ ಚಹದ ಬಣ್ಣಕ್ಕೆ ತಿರುಗುತ್ತದೆ. ಕೆಟ್ಟಿದೆ ಎಂದು ಎಸೆಯಬೇಡಿ, ಅದು ಅದರ ಗುಣ. ಕಪಾಟಿನ ಒಳಗೆ ಇಡಿ, ಬಿಳಿ ಬಟ್ಟೆಯ ಮೇಲೆ ಹೊಡೆಯಬೇಡಿ. ಎರಡನೆಯದು, ಲೇಬಲ್ ಓದಿ. ಡಬ್ಬಿಯ ಮೇಲೆ ಕೋಡು, ಒಡೆದ ತೆಂಗಿನಕಾಯಿಯ ಚಿತ್ರ ದೊಡ್ಡದಾಗಿರುತ್ತದೆ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಆಲ್ಕೊಹಾಲು, ನೀರು, ಮತ್ತೆ 'ಪರ್ಫ್ಯೂಮ್' ಎಂಬ ಒಂದೇ ಪದ. ಕೃತಕ ಎಂದು ತಿಳಿದು ಕೊಂಡರೆ ಅದು ನ್ಯಾಯವಾದ ವ್ಯಾಪಾರ. ಅಪ್ಪಟ ವೆನಿಲ್ಲಾ ಕೋಡಿನದು ಎಂದು ಈ ಬೆಲೆಗೆ ಯಾರಾದರೂ ಮಾರಿದರೆ ನಂಬಬೇಡಿ. ಆ ಹದಿನೈದು ಸಾವಿರ ಹೂವಿನ ಲೆಕ್ಕ ನೆನಪಿರಲಿ.

ಶಿರಸಿ, ಸಿದ್ದಾಪುರ, ಪುತ್ತೂರು, ಸುಳ್ಯ, ಕಾಸರಗೋಡು ಕಡೆಯ ಓದುಗರಲ್ಲಿ ಒಂದು ಬೇಡಿಕೆ ಇದೆ. ವೆನಿಲ್ಲಾ ವರ್ಷಗಳಲ್ಲಿ ದುಡಿದವರು ಬಹುಪಾಲು ಹೆಂಗಸರು, ಅವರಿಗೆ ಈಗ ವಯಸ್ಸಾಗುತ್ತಿದೆ. ಅವರು ಹೂ ಮುಟ್ಟಿದ ಲೆಕ್ಕ, ಕೋಡು ತೂಗಿದ ಚೀಟಿ, ಖರೀದಿದಾರರು ಕೊಟ್ಟ ರಶೀದಿ ಮನೆಯ ಹಳೆಯ ಟ್ರಂಕಿನಲ್ಲಿ ಇದ್ದರೂ ಇರಬಹುದು. ದಯವಿಟ್ಟು ರದ್ದಿಗೆ ಹಾಕಬೇಡಿ. ಅವರನ್ನು ಕೂರಿಸಿಕೊಂಡು ಕೇಳಿ ಬರೆದಿಡಿ.